ಗಾದಿಲಿಂಗಪ್ಪ ನೆಟ್ಟ ಬಿಳಿ

ಒಡೆದ ಪಾಟಿಯ ಒಂದು ಚೂರನ್ನು ಹೂವಿನ ಹಿಂದೆ ಹಿಡಿದು, ಎಡಗಣ್ಣು ಮುಚ್ಚಿ, ಕತ್ತು ವಾಲಿಸಿಕೊಂಡು ಅದನ್ನೇ ನೋಡುತ್ತ ನಿಂತಿದ್ದರು. ಗಾದಿಲಿಂಗಪ್ಪನವರನ್ನು ನಾನು ಮೊದಲು ಕಂಡದ್ದು ಹಾಗೆ, ಸಿರುಗುಪ್ಪದ ನಮ್ಮ ಶಾಲೆಯ ಅಂಗಳದಲ್ಲಿ. ಮಕ್ಕಳು ಅಕ್ಷರ ತಿದ್ದುವ ಕರಿ ಪಾಟಿ ಅದು. ಚೌಕಟ್ಟು ಎಂದೋ ಬಿದ್ದುಹೋಗಿತ್ತು. ಶಾಲೆಯ ಮುಂದೆ ನಾಲ್ಕು ಗಿಡ ನೆಡಲೆಂದು ಹೆಡ್‌ಮಾಸ್ತರು ಕುರುಗೋಡಿನಿಂದ ಕರೆಸಿದ್ದ ಮಾಲಿ, ಹೊಸ ಗಿಡಗಳನ್ನು ಬಿಸಿಲಲ್ಲೇ ಬಿಟ್ಟು, ಹಳೆಯ ನಂದಿಬಟ್ಟಲ ಗಿಡದ ಮುಂದೆ ಕಾಲು ಗಂಟೆಯಿಂದ ಹೀಗೆ ನಿಂತಿದ್ದರು. ನಾನು ವಿಜ್ಞಾನದ ಟೀಚರು. ಕಂಡದ್ದನ್ನು ಕೇಳದೆ, ಗೊತ್ತಿದ್ದುದನ್ನು ಹೇಳದೆ ಸುಮ್ಮನಿರುವುದು ನನ್ನ ಜಾತಕದಲ್ಲೇ ಬರೆದಿಲ್ಲ.

"ಏನು ನೋಡಾಕತ್ತೀರಿ?" ಎಂದೆ.

"ಬಿಳಿ ನೋಡಾಕತ್ತೀನ್ರಿ ಮೇಡಂ."

"ಬಿಳಿಯೊಳಗ ನೋಡಾದೇನೈತಿ?"

"ಎಲ್ಲಾ ಅದರಾಗ ಐತ್ರಿ. ಇದು ಮಜ್ಜಿಗಿ ಬಿಳಿ. ಪಕ್ಕದ್ದು ಹಾಲಿನ ಬಿಳಿ. ಯಾರೋ ತಿಳೀದವರು ಎರಡೂ ಒಂದ ಕಡಿ ಹಚ್ಯಾರ. ಹಾಲಿನ ಬಾಜೂಕ ಮಜ್ಜಿಗಿ ಇಟ್ರ, ಪಾಪ, ಮಜ್ಜಿಗಿ ಹೊಲಸು ಕಾಣ್ತೈತ್ರಿ."

ಬಿಳಿ ಎನ್ನುವುದು ಬಣ್ಣವೇ ಅಲ್ಲ, ಏಳು ಬಣ್ಣ ಕೂಡಿದರೆ ಬಿಳಿಯಾಗುತ್ತದೆ ಎಂದು ನಾನು ಅಲ್ಲೇ ಒಂದು ಪಾಠ ಶುರು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪಾಟಿಯನ್ನು ಚೀಲಕ್ಕೆ ಹಾಕುತ್ತ, "ಹಂಗಂದ್ರ ಒಂದ ಗಿಡಾ ಹಚ್ಚಿದ್ರ ಏಳು ಹಚ್ಚಿದಂಗಾತು, ಬಿಡ್ರಿ" ಎಂದರು. ನನ್ನ ಸಹೋದ್ಯೋಗಿಗಳು ವಾರವಿಡೀ ಆ ಮಾತನ್ನು ಹೇಳಿಕೊಂಡು ನನ್ನನ್ನು ಆಡಿಕೊಂಡರು.

ಆಗ ಅವರಿಗೆ ಅರವತ್ತರ ಹತ್ತಿರ. ಎತ್ತರದ ಆಳು, ಮುಂದಕ್ಕೆ ಸ್ವಲ್ಪ ಬಾಗಿದ ಬೆನ್ನು. ಮಣ್ಣಿನ ಕೆಲಸ ಮಾಡುವವರು ಯಾರೂ ಹಾಕದ ಬಿಳಿ ಅಂಗಿ, ಬಿಳಿ ಪಂಚೆ. ಸಂಜೆ ಹೊತ್ತಿಗೆ ಅದು ಎರೆಮಣ್ಣಿನಿಂದ ಕರ್ರಗಾಗಿರುತ್ತಿತ್ತು, ಮರುದಿನ ಮತ್ತೆ ಬೆಳ್ಳಗೆ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬಳೇ ಮಗಳನ್ನು ಆದೋನಿಯ ಕಡೆ ಕೊಟ್ಟಿದ್ದರು. ಕುರುಗೋಡಿನಲ್ಲಿ ಗುಡ್ಡದ ಬಂಡೆಗಳ ಬುಡದಲ್ಲಿ ಒಂದು ಕೋಣೆಯ ಮನೆ. ಬಳ್ಳಾರಿ, ತೆಕ್ಕಲಕೋಟೆ, ಸಿರುಗುಪ್ಪ ಎಂದು ಬಸ್ಸು ಹತ್ತಿ ಇಳಿದು ತೋಟದ ಕೆಲಸ ಮಾಡಿಕೊಂಡಿದ್ದರು. ಬಸ್ಸಿನಲ್ಲಿ ಸೀಟಿದ್ದರೂ ಗಿಡಗಳ ಬುಟ್ಟಿಯ ಪಕ್ಕ ನಿಂತೇ ಬರುತ್ತಿದ್ದರು.

ನನ್ನದೂ ಅಂಥದೇ ಒಂಟಿ ಸಂಸಾರ. ಬಳ್ಳಾರಿಯ ಕೌಲ್ ಬಜಾರಿನ ಗದ್ದಲದಲ್ಲಿ ಅವ್ವನ ಜೊತೆ ಬೆಳೆದವಳು ನಾನು. ಮದುವೆ ಆಗಲಿಲ್ಲ, ಯಾಕೆ ಎಂದು ಕೇಳುವವರೂ ಈಗ ಕಡಿಮೆಯಾಗಿದ್ದಾರೆ. ಅವ್ವ ಹೋದ ಮೇಲೆ ಆ ಬಾಡಿಗೆ ಮನೆಯಲ್ಲಿ ಇರಲಾಗದೆ, ಸಿರುಗುಪ್ಪಕ್ಕೆ ವರ್ಗ ಮಾಡಿಸಿಕೊಂಡು, ಕಾಲುವೆ ಕಡೆಯ ಹೊಸ ಬಡಾವಣೆಯಲ್ಲಿ ಸಣ್ಣದೊಂದು ಮನೆ ಕಟ್ಟಿಸಿದೆ. ಕಟ್ಟಿಸಿದ ಮೇಲೆ ಗೊತ್ತಾಯಿತು, ನಾನು ಯಾವುದರಿಂದ ಓಡಿಬಂದೆನೋ ಅದು ನನಗಿಂತ ಮುಂಚೆ ಬಂದು ಬಾಗಿಲಲ್ಲಿ ಕೂತಿದೆ ಎಂದು. ಶಾಲೆ ಬಿಟ್ಟ ಮೇಲೂ ಸ್ಟಾಫ್ ರೂಮಿನಲ್ಲಿ ಕೂತು, ಆರೂವರೆಗೆ ಸ್ಕೂಟಿ ತಿರುಗಿಸುತ್ತಿದ್ದೆ. ಕತ್ತಲಾಗುವ ಹೊತ್ತಿಗೆ ಆ ಬೀಗ ತೆಗೆಯುವುದೆಂದರೆ ನನಗೆ ಎದೆ ಭಾರ.

ಇದನ್ನೆಲ್ಲ ನಾನು ಅವರಿಗೆ ಹೇಳಿರಲಿಲ್ಲ. ಮನೆಯ ಮುಂದೆ ಸ್ವಲ್ಪ ಜಾಗವಿದೆ, ಕೆಂಪು ಗುಲಾಬಿ, ಕೇಸರಿ ಚೆಂಡು ಹೂವು, ಎರಡು ಕ್ರೋಟನ್ ಹಾಕಿಕೊಡಿ ಎಂದಷ್ಟೇ ಕೇಳಿದ್ದೆ. ಅವರು ಬಂದು, ಜಾಗ ನೋಡಿ, ಕೇಳಿದ್ದು ಒಂದೇ ಪ್ರಶ್ನೆ.

"ನೀವು ಮನಿಯಾಗ ಇರಾದು ಯಾವ ಹೊತ್ನ್ಯಾಗ್ರಿ?"

"ಸಂಜಿಗಿ ಬರ್ತೀನಿ. ಹಗಲೊತ್ತು ಈ ಬಿಸಿಲಾಗ ಯಾರು ಹೊರಗ ಕುಂದರ್ತಾರ?"

"ಹಂಗಾರ ಕೆಂಪು ಹಚ್ಚಿ ಯಾರಿಗಿ ತೋರಸ್ತೀರಿ? ಹೊತ್ತು ಮುಣುಗಿದ ಮ್ಯಾಲ ಕೆಂಪು ಕರ್ರಗಾಗ್ತೈತಿ. ಬಿಳಿ ಒಂದ ಎದ್ದು ಕುಂದರ್ತೈತ್ರಿ. ನೀವು ಬರೋ ಹೊತ್ತಿಗಿ ಎಚ್ಚರಿರೋವು ಹಚ್ತೀನಿ, ನೋಡ್ರಿ."

ಎಚ್ಚರವಿರುವವು! ಹಚ್ಚಿರಿ ಎಂದೆ.

ಮೊದಲು ಅವರು ಗಿಡ ನೆಡಲಿಲ್ಲ, ಗೋಡೆಗೆ ಬಂದರು. ನಾನು ಹುರುಪಿನಿಂದ ಕಾಂಪೌಂಡಿಗೆ ಸುಣ್ಣದಂಥ ಬಿಳಿ ಹೊಡೆಸಿದ್ದೆ. ಬಿಳಿ ಗೋಡೆಯ ಮುಂದೆ ಬಿಳಿ ಹೂವು ಸತ್ತಂತೆ ಎಂದು ಪಾಟಿ ಹಿಡಿದು ತೋರಿಸಿದರು. "ಯಾವುದಾರ ಮಬ್ಬು ಬಣ್ಣ ಬಳಿಸ್ರಿ. ಯಾವುದು ಅಂತ ನೀವಾ ನೋಡ್ರಿ" ಎಂದರು. ನಾನು ಗಾಢ ಹಸಿರು ಬಳಿಸಿದೆ. ಆಮೇಲೆ ಅದರ ಮುಂದೆ ನಂದಿಬಟ್ಟಲು, ಬಿಳಿ ದಾಸವಾಳ. ಅವುಗಳ ಕೆಳಗೆ ಕಾಕಡ ಮಲ್ಲಿಗೆ. ಕಾಲುದಾರಿಯ ಅಂಚಿಗೆ ಬಿಳಿ ನಿತ್ಯಪುಷ್ಪ. ಹಾಲಿನ ಬಿಳಿ ಒಂದು ಕಡೆ, ಮಜ್ಜಿಗೆ ಬಿಳಿ ಒಂದು ಕಡೆ, ನಡುವೆ ಬರೀ ಎಲೆ. "ಎಲ್ಲಾ ಬಿಳಿ ಒಂದ ಸಲ ಮಾತಾಡಿದ್ರ ಸಂತಿ ಆಗ್ತೈತ್ರಿ. ನಡುವ ಸುಮ್ಮಗಿರೋದೊಂದು ಇರಬೇಕು" ಎನ್ನುತ್ತಿದ್ದರು. ಕೆಲಸ ಮಾಡುವಾಗ ಅವರಿಗೊಂದು ಅಭ್ಯಾಸ: ಪಕ್ಕದವರನ್ನು, ದಾರಿಹೋಕರನ್ನು ಕರೆದು, "ಇದು ಯಾವ ಬಣ್ಣ ಅಂತೀರಿ ನೀವು?" ಎಂದು ಕೇಳುವುದು. ಮೇಷ್ಟರು ಪರೀಕ್ಷೆ ಮಾಡಿದಂತೆ. ನಾನೂ ನೂರು ಸಲ ಉತ್ತರ ಹೇಳಿದ್ದೇನೆ. ಹೇಳಿದಾಗಲೆಲ್ಲ "ಸರಿ" ಎಂದು ತಲೆಯಾಡಿಸುತ್ತಿದ್ದರು.

ಗಿಡ ಹೂ ಬಿಡಲು ಶುರುವಾದದ್ದೇ ಇನ್ನೊಂದು ಪೀಕಲಾಟ. ನಮ್ಮ ಕಡೆ ಬೆಳಗಿನ ಜಾವ ಪೂಜೆಗೆ ಹೂ ಕೀಳಲು ಯಾರ ಕಾಂಪೌಂಡಾದರೂ ನಡೆಯುತ್ತದೆ. ಪ್ಲಾಸ್ಟಿಕ್ ಚೀಲ, ತುದಿಗೆ ತಂತಿ ಕಟ್ಟಿದ ಕೋಲು. ಅದರಲ್ಲೂ ಬಿಳಿ ಹೂವೆಂದರೆ ಶಿವನಿಗೆ ಪ್ರೀತಿ. ಸೋಮವಾರ ಸಂಜೆ ನನ್ನ ತೋಟ ಬೋಳು. ನಾನು ಜಗಳಕ್ಕೆ ಸೆರಗು ಕಟ್ಟಿದೆ. ಗಾದಿಲಿಂಗಪ್ಪನವರು ಬೇಡವೆಂದು, ಗೇಟಿನ ಹೊರಗೆ ರಸ್ತೆ ಬದಿಗೆ ಒಂದು ಸಾಲು ನಂದಿಬಟ್ಟಲು ನೆಟ್ಟರು. "ಹೊರಗಿನವು ದೇವ್ರವು, ಒಳಗಿನವು ಮೇಡಂವು" ಎಂದು ಹೂ ಕೀಳುವ ಹೆಂಗಸರಿಗೆ ಒಂದು ವಾರ ತಾವೇ ನಿಂತು ಹೇಳಿದರು. ಆಮೇಲೆ ಒಳಗಿನ ಒಂದು ಮೊಗ್ಗನ್ನೂ ಯಾರೂ ಮುಟ್ಟಲಿಲ್ಲ.

ಆ ತೋಟ ಬಂದ ಮೇಲೆ ನಾನು ಐದಕ್ಕೇ ಮನೆಗೆ ಬರತೊಡಗಿದೆ. ಕುರ್ಚಿ ಹಾಕಿಕೊಂಡು ಕೂತರೆ, ಎಲೆ ಯಾವುದು ಗೋಡೆ ಯಾವುದು ತಿಳಿಯದ ಹೊತ್ತಿಗೆ ಹೂವುಗಳು ಒಂದೊಂದಾಗಿ ಮುಂದೆ ಬರುತ್ತಿದ್ದವು. ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಯಾರೂ ಇಲ್ಲವೆಂದು ಗೊತ್ತಿದ್ದರೂ ಅನ್ನಿಸುತ್ತಿತ್ತು. ಇದನ್ನು ಬರೆಯಲು ನನಗೆ ಈಗ ನಾಚಿಕೆಯಿಲ್ಲ.

ಎರಡನೆಯ ವರ್ಷದ ಒಂದು ಭಾನುವಾರ. ಹಳೆಯ ನಿತ್ಯಪುಷ್ಪ ಕಿತ್ತು ಹೊಸ ಸಸಿ ಹಾಕಿದ್ದರು, ಅವು ಹೂ ಬಿಟ್ಟಿದ್ದವು. ಸಾಲಿನ ನಡುವೆ ಮೂರು ಗಿಡಗಳ ಹೂವು ತೆಳು ಗುಲಾಬಿ. ನನಗೆ ಎಲ್ಲಿಲ್ಲದ ಖುಷಿ. ಇಷ್ಟು ದಿನಕ್ಕೆ ಒಂದು ತಪ್ಪು ಸಿಕ್ಕಿತಲ್ಲ!

"ಗಾದಿಲಿಂಗಪ್ಪ, ನಿಮ್ಮ ವ್ರತ ಕೆಟ್ಟಿತಲ್ರಿ. ನೋಡ್ರಿ, ಗುಲಾಬಿ ಹೊಕ್ಕೈತಿ."

ಅವರು ನಗುತ್ತಲೇ ಬಂದರು. "ಸಸಿ ಮಾರಿದಾವ ಮೋಸ ಮಾಡ್ಯಾನ" ಎನ್ನುತ್ತ ಬಗ್ಗಿ ಒಂದು ಗಿಡ ಕಿತ್ತರು. ಅದು ಅಚ್ಚ ಬಿಳಿಯದು. ಇನ್ನೊಂದಕ್ಕೆ ಕೈ ಹಾಕಿದರು, ಅದೂ ಬಿಳಿಯೇ. ನಾನು ನಗುವುದನ್ನು ನಿಲ್ಲಿಸಿದೆ. ಅವರು ಕೈಯನ್ನು ಹಾಗೇ ಗಿಡದ ಮೇಲೆ ಇಟ್ಟುಕೊಂಡು ನನ್ನ ಮುಖ ನೋಡಿದರು.

ಇಪ್ಪತ್ತು ವರ್ಷ ಮಕ್ಕಳಿಗೆ ಆ ಪಾಠ ಮಾಡಿದ್ದೇನೆ. ಕೆಂಪಿಗೂ ಹಸಿರಿಗೂ ಭೇದ ಕಾಣದ ಕಣ್ಣು, ಹುಟ್ಟಿನಿಂದ ಬರುವಂಥದ್ದು. ಬೋರ್ಡಿನ ಮೇಲೆ ಚಿತ್ರ ಬರೆದು, ಕೆಳಗೆ ಗೆರೆ ಎಳೆದು ಹೇಳಿಕೊಟ್ಟಿದ್ದೇನೆ. ಎರಡು ವರ್ಷ ನನ್ನ ಅಂಗಳದಲ್ಲೇ ಓಡಾಡಿದ ಮನುಷ್ಯನಲ್ಲಿ ಅದನ್ನು ಗುರುತಿಸಲಾಗಲಿಲ್ಲ. ಅವರು ದಾರಿಹೋಕರನ್ನು ಕರೆದು ಬಣ್ಣ ಕೇಳುತ್ತಿದ್ದದ್ದು ಪರೀಕ್ಷೆಗಲ್ಲ, ತಿಳಿದುಕೊಳ್ಳಲಿಕ್ಕೆ.

ಅವರು ನಲ್ಲಿಯ ಕಟ್ಟೆಯ ಮೇಲೆ ಕೂತರು. ತಾವಾಗಿಯೇ ಹೇಳಿದರು.

"ಸಣ್ಣಾವಿದ್ದಾಗ ನಮ್ಮವ್ವ ಮೆಣಸಿನಕಾಯಿ ಬಿಡಸಾಕ ಕರಕೊಂಡು ಹೋಗಿದ್ಲು. ಹಣ್ಣಾದವಷ್ಟ ಬಿಡಸಬೇಕು. ನನಗ ಹಣ್ಣು ಕಾಯಿ ಎಲ್ಲಾ ಒಂದ. ಸಿಕ್ಕಿದ್ದೆಲ್ಲಾ ಬಿಡಿಸಿ ಚೀಲ ತುಂಬಿಸಿದೆ. ಹೊಲದವರು ಸಾಲಾಗ ನಿಂದರಿಸಿ ಹೊಡದ್ರು. ಸೊಕ್ಕು ಅಂದ್ರು. ಮುಂದಿನ ಸುಗ್ಗಿಗಿ ಹತ್ತಿ ಬಿಡಸಾಕ ಹೋದೆ. ಮೇಡಂ, ಹತ್ತಿಹೊಲದಾಗ ನನ್ನ ಮೀರಿಸೋರು ಯಾರಿದ್ದಿಲ್ರಿ. ದೂರಿಂದನ ಕಾಣ್ತಿತ್ತು, ಇಲ್ಲೊಂದು, ಅಲ್ಲೊಂದು. ಅವತ್ತ ಅನಕೊಂಡೆ, ಇದೊಂದು ನನಗ ಸುಳ್ಳು ಹೇಳಂಗಿಲ್ಲ ಅಂತ."

"ಮನಿಯಾಗ ಗೊತ್ತಿತ್ತೇನ್ರಿ?"

"ಇಲ್ರಿ. ನನ್ನ ಹೆಂಡ್ತಿ ಒಮ್ಮೆ ಹಸಿರು ಸೀರಿ ತರ್ರಿ ಅಂದ್ಲು. ತಂದೆ. ಬಿಚ್ಚಿ ನೋಡಿ ಸುಮ್ಮನ ಉಟಗೊಂಡ್ಲು. ಆಕಿ ತೀರಿದ ಮ್ಯಾಲ ಮಗಳು ಅಂದ್ಲು, ಅವ್ವನ ಆ ಕೆಂಪು ಸೀರಿ ನನಗ ಕೊಡಪ್ಪ ಅಂತ."

ನಾನು ಅದಕ್ಕೆ ವರ್ಣಾಂಧತೆ ಎನ್ನುತ್ತಾರೆ ಎಂದೆ. ಅವರಿಗೆ ಆಶ್ಚರ್ಯ. "ಅದಕ್ಕೊಂದು ಹೆಸರೂ ಐತೇನ್ರಿ?" ಎಂದು ಎರಡು ಸಲ ಕೇಳಿದರು. ಗಂಡಸರಲ್ಲಿ ಇದು ಅಪರೂಪವೇನಲ್ಲ, ಊರೂರಿಗೆ ಇದ್ದಾರೆ ಎಂದೆ.

"ಕುರುಗೋಡಾಗೂ ಇದ್ದಾರೇನ್ರಿ? ಯಾರ್ರಿ?"

"ಯಾರಿಗ್ಗೊತ್ರಿ. ಅವರೂ ನಿಮ್ಮಂಗ ಬಾಯಿ ಬಿಡಬೇಕಲ್ಲ."

ಅವರು ತಲೆಯಾಡಿಸಿದರು. ಏಳುವಾಗ ಕೈ ಮುಗಿದು, "ಯಾರ ಮುಂದೂ ಅನಬ್ಯಾಡ್ರಿ ಮೇಡಂ. ಮಾಲಿಗಿ ಬಣ್ಣ ಕಾಣಂಗಿಲ್ಲ ಅಂದ್ರ ಯಾರು ಕರೀತಾರ್ರಿ? ನನಗ ಬ್ಯಾರೆ ಕೆಲಸ ಬರಂಗಿಲ್ಲ" ಎಂದರು. ನನ್ನ ಅವ್ವನ ಆಣೆ ಇಟ್ಟು ಹೇಳಿದೆ, ಯಾರ ಮುಂದೆಯೂ ಇಲ್ಲ ಎಂದು.

ನಾನು ಆ ಮಾತನ್ನು ಏಳು ತಿಂಗಳು ಉಳಿಸಿಕೊಂಡೆ.

ನನ್ನ ತೋಟ ನೋಡಿದ ಅಕ್ಕಿ ಮಿಲ್ಲಿನ ಸಾವ್ಕಾರರೊಬ್ಬರು ತಮ್ಮ ಹೊಸ ಮನೆಯ ಮುಂದಿನ ಅರ್ಧ ಎಕರೆಯನ್ನು ಗಾದಿಲಿಂಗಪ್ಪನವರಿಗೆ ಒಪ್ಪಿಸಿದ್ದರು. ಅವರು ಅಷ್ಟು ದೊಡ್ಡ ಜಾಗವನ್ನು ಜನ್ಮದಲ್ಲಿ ಕಂಡಿರಲಿಲ್ಲ. ಬಸ್ಸಿನಿಂದ ಇಳಿದವರು ಮೊದಲು ನನ್ನ ಗೇಟಿಗೆ ಬಂದು, ಇವತ್ತು ಏನು ನೆಡುತ್ತೇನೆ ಎಂದು ಹೇಳಿಯೇ ಅತ್ತ ಹೋಗುತ್ತಿದ್ದರು. ಗೇಟಿನಿಂದ ಬಾಗಿಲವರೆಗೆ ಬಿಳಿ ಹೆಚ್ಚುತ್ತಾ ಹೋಗಬೇಕು; ಮೊದಲು ಒಂದೆರಡು ಚುಕ್ಕಿ, ಆಮೇಲೆ ಗೊಂಚಲು, ಮನೆಯ ಹತ್ತಿರ ಬಂದರೆ ತುಂಬಿದ ಹತ್ತಿಹೊಲ. "ಇದೊಂದು ಮುಗದ್ರ ಸಾಕ್ರಿ" ಎನ್ನುತ್ತಿದ್ದರು. ಆ ಮನುಷ್ಯ ತನಗಾಗಿ ಏನನ್ನಾದರೂ ಬಯಸಿದ್ದನ್ನು ನಾನು ನೋಡಿದ್ದು ಅದೊಂದನ್ನೇ.

ಅರ್ಧ ಕೆಲಸವಾದಾಗ ಸಾವ್ಕಾರರ ಮನೆಯವರಿಗೆ ಇರಿಸುಮುರಿಸು ಶುರುವಾಯಿತು. ಗೃಹಪ್ರವೇಶದ ಮನೆಯ ಮುಂದೆ ಬರೀ ಬಿಳಿಯೇ? ನಡುವೆ ಒಂದು ಸುತ್ತು ಕೆಂಪು ಬರಲಿ, ಮನೆಗೆ ಕಳೆ ಬರುತ್ತದೆ ಎಂದರು. ಗಾದಿಲಿಂಗಪ್ಪನವರು ಒಪ್ಪಲಿಲ್ಲ. ಒಪ್ಪಿದರೆ ಆ ಕೆಂಪನ್ನು ತಾವೇ ಆರಿಸಿ, ತಾವೇ ಜೋಡಿಸಬೇಕಿತ್ತಲ್ಲ. ಸಾವ್ಕಾರರು ನನ್ನನ್ನು ಕರೆಸಿದರು. ಅವರ ಮಗಳು ನನ್ನ ವಿದ್ಯಾರ್ಥಿನಿ.

"ನೀವಾರ ಹೇಳ್ರಿ ಮೇಡಂ ಈ ಮುದುಕಗ. ಎಷ್ಟು ಹಠಾ! ನಾನೇನು ಮನಿ ಮುಂದ ಬೆಂಕಿ ಹಚ್ಚು ಅಂತೀನಾ? ನಾಕು ಕೆಂಪು ಹೂವು ಹಚ್ಚು ಅಂತೀನಿ. ಸೊಕ್ಕು, ಬರೀ ಸೊಕ್ಕು."

ಸೊಕ್ಕು ಎಂಬ ಮಾತಿಗೆ ನನಗೆ ರೇಗಿತು. ಮೆಣಸಿನಕಾಯಿ ಹೊಲ ಕಣ್ಣ ಮುಂದೆ ಬಂತು. ಅವರ ಪರವಾಗಿ ಮಾತಾಡಬೇಕೆಂದೇ ಬಾಯಿ ತೆರೆದೆ, ದೇವರಾಣೆಗೂ ಅದಕ್ಕೇ.

"ಅವರಿಗಿ ಅನಬ್ಯಾಡ್ರಿ. ಅದು ಸೊಕ್ಕಲ್ಲ. ಅವರ ಕಣ್ಣಿಗೆ ಕೆಂಪು, ಹಸಿರು ಎರಡೂ ಒಂದ ಕಾಣ್ತಾವ. ಹುಟ್ಟಿನಿಂದ ಹಂಗ. ಅದರಾಗ ಅವರ ತಪ್ಪೇನೈತಿ?"

ಅಷ್ಟಕ್ಕೆ ನಿಲ್ಲಿಸಿದೆನೇ? ಇಲ್ಲ. ಕಣ್ಣಿನೊಳಗೆ ಬಣ್ಣ ಗುರುತಿಸುವ ಕೋಶಗಳಿರುತ್ತವೆ ಎಂದು ಬೆರಳೆತ್ತಿ ಪಾಠ ಹೇಳಿದೆ. ಸಾವ್ಕಾರರು, ಅವರ ತಮ್ಮ, ಗಾರೆ ಕೆಲಸದವರು, ಮಿಲ್ಲಿನ ಗುಮಾಸ್ತ, ಎಲ್ಲರೂ ಕೇಳುತ್ತಿದ್ದರು. ನಾನು ತಿರುಗಿ ನೋಡಿದಾಗ ಗಾದಿಲಿಂಗಪ್ಪನವರು ಕೈಯಲ್ಲಿ ಕಳೆ ಕೀಳುವ ಕುರ್ಪಿ ಹಿಡಿದು ನೆಲ ನೋಡುತ್ತಿದ್ದರು.

ಮೊದಲು ನಕ್ಕವನು ಗುಮಾಸ್ತ. ಗಾರೆಯವನೊಬ್ಬನ ಹೆಗಲ ಮೇಲಿದ್ದ ಹಸಿರು ಟವಲು ಎಳೆದು ಅವರ ಮುಖದ ಮುಂದೆ ಹಿಡಿದ. "ತಾತ, ಇದ್ಯಾವ ಬಣ್ಣ ಹೇಳು?" ಇನ್ನೊಬ್ಬ ತನ್ನ ಕೆಂಪು ಟವಲು ತಂದ. "ಇದ್ಯಾವುದು ಹೇಳು, ನೋಡಾಣ." ಅದರಲ್ಲಿ ಕೆಡುಕು ಇರಲಿಲ್ಲ, ಮೋಜು ಇತ್ತು ಅಷ್ಟೆ. ಸಾವ್ಕಾರರು ಗದರಿದರು. ಆದರೆ ಆಮೇಲೆ ಅವರೇ ಮೆತ್ತಗೆ, "ಇರ್ಲಿ ಬಿಡಪ್ಪ, ನೀರು ಹಾಯಿಸೋ ಕೆಲಸ ಮಾಡಿಕೊಂಡಿರು. ಹಚ್ಚಾಕ ಬಳ್ಳಾರಿಂದ ಯಾರನರ ಕರಸ್ತೀನಿ" ಎಂದರು. ಗಾದಿಲಿಂಗಪ್ಪನವರು ಕುರ್ಪಿಯ ಮಣ್ಣು ಒರೆಸಿ, ಚೀಲಕ್ಕೆ ಹಾಕಿ, ಎಲ್ಲರಿಗೂ ಕೈ ಮುಗಿದು ಹೊರಟುಹೋದರು. ನನ್ನ ಮುಖ ನೋಡಲಿಲ್ಲ.

ಮುಂದಿನ ಭಾನುವಾರ ಬರಲಿಲ್ಲ. ಫೋನು ತೆಗೆಯಲಿಲ್ಲ. ಬಸ್ಸಿನಲ್ಲಿ ಓಡಾಡುವ ಊರುಗಳಲ್ಲಿ ಸುದ್ದಿ ಬಸ್ಸಿಗಿಂತ ಮುಂದೆ ಹೋಗುತ್ತದೆ. ತೆಕ್ಕಲಕೋಟೆಯ ಇಬ್ಬರು ಅವರನ್ನು ಕೆಲಸದಿಂದ ಬಿಡಿಸಿದರೆಂದು ನಮ್ಮ ಶಾಲೆಯ ಜವಾನ ಹೇಳಿದ. ನಾನು ಒಂದು ತಿಂಗಳು ಹೋಗಲು ಧೈರ್ಯ ಮಾಡಲಿಲ್ಲ. ಹೋದದ್ದು ಒಂದೇ ಸಲ. ಅದಾದ ಮೇಲೆ ಮಳೆಗಾಲಕ್ಕೆ ಮೊದಲು ಮಗಳು ಬಂದು ಆದೋನಿಗೆ ಕರೆದುಕೊಂಡು ಹೋದಳಂತೆ, ಅಲ್ಲಿಯೇ ತೀರಿಕೊಂಡರಂತೆ. ಇದನ್ನೂ ನನಗೆ ಯಾರೂ ಹೇಳಿ ಕಳಿಸಲಿಲ್ಲ. ಬಸ್ಸಿನ ಕಂಡಕ್ಟರು ಮಾತಿನ ಮೇಲೆ ಮಾತು ಬಂದು ಹೇಳಿದ.

ನಾನು ಕುರುಗೋಡಿಗೆ ಹೋದ ದಿನ ಬೆಳಿಗ್ಗೆ ಹತ್ತು ಗಂಟೆ. ಅವರ ಮನೆಯ ಮುಂದೆ ಒಂದು ಬಿಳಿ ಹೂವೂ ಇರಲಿಲ್ಲ. ಕಟ್ಟೆಯ ಮೇಲೆ ಎಣ್ಣೆ ಡಬ್ಬಿಗಳಲ್ಲಿ ಸಾಲಾಗಿ ಕೆಂಪು ದಾಸವಾಳ, ಕೇಸರಿ ಮತ್ತು ಹಳದಿ ಚೆಂಡು ಹೂವು, ಕ್ರೋಟನ್ನು. ಆಗಷ್ಟೇ ನೀರು ಹಾಕಿದ್ದರು. ಪಕ್ಕದ ಮನೆಯ ಹೆಂಗಸು ಕಟ್ಟೆಯ ಆ ತುದಿಯನ್ನು ಗುಡಿಸಿ ಒಳಗೆ ಹೋಗುತ್ತಿದ್ದಳು.

"ಬರ್ರಿ ಮೇಡಂ" ಎಂದರು ಗಾದಿಲಿಂಗಪ್ಪನವರು, ಏನೂ ಆಗದವರ ಹಾಗೆ. ನಾನು ತಪ್ಪಾಯಿತೆಂದೆ. ಕಣ್ಣಲ್ಲಿ ನೀರು ಬಂತು.

"ಸಿಟ್ಟಿಲ್ಲರಿ. ನೀವು ನನ್ನ ಒಳ್ಳೇದಕ್ಕ ಅಂದ್ರಿ. ಆದ್ರ ಈಗ ಯಾರ ಮನಿಗಿ ಹೋದ್ರೂ ನಾ ಹಚ್ಚಿದ ಗಿಡಾ ನೋಡಂಗಿಲ್ಲ, ನನ್ನ ಕಣ್ಣು ನೋಡ್ತಾರ. ಬಿಳಿ ಹಚ್ಚಿದ್ರ, ಪಾಪ, ಅಂತಾರ." ಹುರುಪು ತಂದುಕೊಂಡು ಎದ್ದರು. "ಅದಕ್ಕ ಕಲಿಯಾಕತ್ತೀನಿ. ಕೇಳ್ರಿ. ತಪ್ಪಿದ್ರ ಹೇಳ್ರಿ."

ಡಬ್ಬಿಗಳ ಮುಂದೆ ನಿಂತು, ಬೆರಳು ತೋರಿಸುತ್ತ, ಒಂದನೇ ಕ್ಲಾಸಿನ ಮಗು ಮಗ್ಗಿ ಒಪ್ಪಿಸುವಂತೆ ಹೇಳುತ್ತ ಹೋದರು. ಇದು ಕೆಂಪು. ಇದು ಕೇಸರಿ. ಇದು ಹಳದಿ. ಕೊನೆಯಲ್ಲಿ ಎರಡು ಕ್ರೋಟನ್ನು. "ಇದು ಹಸಿರು ಎಲಿದು, ಇದು ಕೆಂಪೆಲಿದು." ಅದು ತಿರುಗುಮುರುಗಾಗಿತ್ತು. ಗುಡಿಸಲು ಬಂದವಳು ಆ ಎರಡು ಡಬ್ಬಿಗಳನ್ನು ಅದಲುಬದಲು ಇಟ್ಟು ಹೋಗಿದ್ದಳೆಂದು ತೋರುತ್ತದೆ. ಅವರು ಜಾಗ ನೋಡಿ ಬಾಯಿಪಾಠ ಮಾಡಿದ್ದರು.

"ಸರಿ ಐತೇನ್ರಿ?"

"ಬಿಸಿಲಾಗ ಬಂದೀನಿ, ಒಂದು ಗುಟುಕು ಚಾ ಕೊಡ್ರಿ, ಆಮ್ಯಾಲ ಇನ್ನೊಮ್ಮೆ ಹೇಳ್ರಿ" ಎಂದೆ. ಅವರು ಸಂತೋಷದಿಂದ ಒಳಗೆ ಹೋದರು. ಸ್ಟೋವು ಹೊತ್ತಿಸಿದ ಸದ್ದು ಕೇಳಿಸಿದ ಮೇಲೆ ನಾನು ಎದ್ದು, ಹಸಿ ಮಣ್ಣಿನ ಆ ಎರಡು ಡಬ್ಬಿಗಳನ್ನು ಎತ್ತಿ ಅದಲುಬದಲು ಮಾಡಿದೆ. ಭಾರವಾಗಿದ್ದವು. ಮತ್ತೆ ಬಂದು ನನ್ನ ಜಾಗದಲ್ಲಿ ಕೂತೆ.

ಅವರು ಎರಡು ಲೋಟ ಹಿಡಿದು ಬಂದರು. ನಾನು ಕೈ ಚಾಚಿದೆ. ಲೋಟ ಕೊಡುತ್ತಿದ್ದವರು ಅರ್ಧದಲ್ಲೇ ನಿಂತರು. ನನ್ನ ಹತ್ತೂ ಬೆರಳಿಗೆ ಹಸಿ ಮಣ್ಣು ಮೆತ್ತಿತ್ತು. ಅವರು ಬೆರಳುಗಳನ್ನು ನೋಡಿದರು. ತಿರುಗಿ ಕಟ್ಟೆಯ ಕೊನೆಯ ಎರಡು ಡಬ್ಬಿಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ನಾನು ಕೇಳಿದಂತೆ ಬಣ್ಣಗಳನ್ನು ಇನ್ನೊಮ್ಮೆ ಹೇಳಲಿಲ್ಲ.

"ಕೈ ತೊಳಕೊಳ್ರಿ ಮೇಡಂ," ಎಂದರು, "ಚಾ ಆರ್ತೈತಿ."